ಗ್ರಾಫಿಕ್ಸ್ ಕಾರ್ಡಿನ ಬೆಲೆ ಏರಿಕೆ: ನಮ್ಮ ನಾಲ್ಕು ತಾಲ್ಲೂಕುಗಳು ಮಾಡಬಹುದಾದ ಲೆಕ್ಕ

ಬೆಲೆ ಏರಿಕೆ ಎಂದೊಡನೆ ವರ್ತಕ ಬಂಧುಗಳಿಗೆ ನೆನಪಾಗುವುದು ಅಕ್ಕಿ, ಬೇಳೆ, ಖಾದ್ಯ ತೈಲ, ಸಿಮೆಂಟು, ಕಬ್ಬಿಣ ಮತ್ತು ಚಿನ್ನ. ಇವುಗಳ ಧಾರಣೆ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಸಭೆಗಳಲ್ಲಿ ಚರ್ಚೆಯಾಗುತ್ತದೆ, ಸರ್ಕಾರಕ್ಕೆ ಮನವಿಯೂ ಹೋಗುತ್ತದೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಮನೆಗಳಲ್ಲಿ ಕೆಲವು ವರ್ಷಗಳಿಂದ ಸದ್ದಿಲ್ಲದೆ ಚರ್ಚೆಗೆ ಒಳಗಾಗಿರುವ ಮತ್ತೊಂದು ಸರಕಿದೆ. ಅದು ಗಣಕಯಂತ್ರದೊಳಗೆ ಕೂರುವ ಗ್ರಾಫಿಕ್ಸ್ ಕಾರ್ಡ್. ಕಾಲೇಜಿಗೆ ಹೋಗುವ ಮಗ ಅದನ್ನು ಕೇಳುತ್ತಾನೆ. ತಂದೆ ಬೆಲೆ ವಿಚಾರಿಸಿ ಸುಮ್ಮನಾಗುತ್ತಾರೆ. ಈ ವಿಷಯ ವಾಣಿಜ್ಯ ಸಂಸ್ಥೆಯ ಪತ್ರಿಕೆಗೆ ತಕ್ಕುದೇ ಎಂಬ ಸಂದೇಹ ಕೆಲವರಿಗೆ ಬರಬಹುದು. ತಕ್ಕುದು ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಅಂಕಿ ಅಂಶಗಳ ಸಮೇತ ಸದಸ್ಯರ ಮುಂದಿಡುತ್ತಿದ್ದೇನೆ.

ಆಟಿಕೆಯೋ, ಉಪಕರಣವೋ

ಗ್ರಾಫಿಕ್ಸ್ ಕಾರ್ಡನ್ನು ಕೇವಲ ಆಟದ ಸಾಮಗ್ರಿ ಎಂದು ತಿಳಿಯುವುದು ಮೊದಲ ತಪ್ಪು ಕಲ್ಪನೆ. ನಮ್ಮ ತಾಲ್ಲೂಕು ಕೇಂದ್ರಗಳ ಫೋಟೊ ಸ್ಟುಡಿಯೊಗಳಲ್ಲಿ ಮದುವೆಯ ವಿಡಿಯೊ ಸಂಕಲನ ನಡೆಯುವುದು ಇದೇ ಕಾರ್ಡಿನ ಬಲದಿಂದ. ಮನೆಯ ನಕ್ಷೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿವಿಲ್ ಎಂಜಿನಿಯರ್, ಫ್ಲೆಕ್ಸ್ ಮತ್ತು ಲಗ್ನಪತ್ರಿಕೆ ವಿನ್ಯಾಸಗಾರ, ಡಿಪ್ಲೊಮಾ ಓದುವ ವಿದ್ಯಾರ್ಥಿ ಇವರೆಲ್ಲರ ಕೆಲಸಕ್ಕೂ ಇದು ಬೇಕು. ಆಟವಾಡುವ ಹುಡುಗನೇ ಮುಂದೆ ವಿನ್ಯಾಸ ಕಲಿಯುವುದು, ಸಂಕಲನ ಕಲಿಯುವುದು ನಾವು ಕಾಣುತ್ತಿರುವ ಸಂಗತಿ. ಕರ್ನಾಟಕ ಸರ್ಕಾರವು ಅನಿಮೇಷನ್, ದೃಶ್ಯ ಪರಿಣಾಮ ಮತ್ತು ಗೇಮಿಂಗ್ ಕ್ಷೇತ್ರಕ್ಕೆ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿತು. 2024ರಿಂದ 2029ರ ಅವಧಿಗೆ ಹೊಸ ನೀತಿಯನ್ನೂ ಪ್ರಕಟಿಸಿದೆ. ಇದರ ಫಲ ಬೆಂಗಳೂರಿನ ಹೊರಗೂ ಹರಿಯಬೇಕಾದರೆ ಹುಣಸೂರಿನ ವಿದ್ಯಾರ್ಥಿಯ ಕೈಗೂ ಉಪಕರಣ ಸಿಗಬೇಕಲ್ಲವೇ?

ಎರಡನೆಯ ತಪ್ಪು ಕಲ್ಪನೆ ಗಣಕಯಂತ್ರದ ಆಟವನ್ನೂ ಹಣ ಕಟ್ಟುವ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ನಿಷೇಧಿಸಿದ್ದು ಹಣ ಪಣಕ್ಕಿಡುವ ಆಟಗಳನ್ನು. ಅದೇ ಕಾಯ್ದೆ ಇ-ಕ್ರೀಡೆಯನ್ನು ಪ್ರತ್ಯೇಕವಾಗಿ ಗುರುತಿಸಿ ಉತ್ತೇಜಿಸುವ ಮಾತನ್ನಾಡುತ್ತದೆ. 2022ರ ಡಿಸೆಂಬರ್‌ನಲ್ಲಿಯೇ ಕೇಂದ್ರ ಸರ್ಕಾರ ಇ-ಕ್ರೀಡೆಯನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತ್ತು. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳಿದ್ದವು. ಪೋಷಕರು ಈ ಭೇದವನ್ನು ತಿಳಿಯದಿದ್ದರೆ ಕ್ಷಮಿಸಬಹುದು. ವರ್ತಕರಾದ ನಾವು ತಿಳಿದಿರಬೇಕು.

ಬೆಲೆಯನ್ನು ಬಿಡಿಸಿ ನೋಡಿದಾಗ

ಅಂಗಡಿಯಲ್ಲಿ ಕೇಳಿಬರುವ ದೂರು ಒಂದೇ: ಕಂಪನಿಯವರು ದರ ಏರಿಸಿದ್ದಾರೆ. ಇದು ಎಷ್ಟು ನಿಜ? ಮಧ್ಯಮ ದರ್ಜೆಯ ಒಂದು ಸರಣಿಯನ್ನೇ ಪರೀಕ್ಷಿಸೋಣ. ಎನ್‌ವಿಡಿಯಾ ಕಂಪನಿಯು 2016ರ ಜುಲೈನಲ್ಲಿ ಜಿಟಿಎಕ್ಸ್ 1060 ಕಾರ್ಡಿನ 6 ಜಿಬಿ ಮಾದರಿಯನ್ನು 249 ಡಾಲರ್‌ಗೆ ಬಿಡುಗಡೆ ಮಾಡಿತು. ಅದೇ ದರ್ಜೆಯ ಆರ್‌ಟಿಎಕ್ಸ್ 5060 ಕಾರ್ಡು 2025ರ ಮೇ ತಿಂಗಳಲ್ಲಿ 299 ಡಾಲರ್‌ಗೆ ಬಂದಿತು. ಡಾಲರ್ ಲೆಕ್ಕದಲ್ಲಿ ಏರಿಕೆ ಶೇ. 20 ಮಾತ್ರ. ಈ ಒಂಬತ್ತು ವರ್ಷಗಳ ಅಮೆರಿಕದ ಹಣದುಬ್ಬರವನ್ನು ಕಳೆದರೆ ಅಲ್ಲಿನ ಗ್ರಾಹಕನಿಗೆ ಹೊಸ ಕಾರ್ಡು ಹಳೆಯದಕ್ಕಿಂತ ಅಗ್ಗವೇ ಆಗಿದೆ.

ಈಗ ರೂಪಾಯಿಗೆ ಬರೋಣ. 2016ರ ಮಧ್ಯದಲ್ಲಿ ಡಾಲರೊಂದಕ್ಕೆ ಸುಮಾರು 67 ರೂ. ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 90 ರೂ. ದಾಟಿತು. ತೆರಿಗೆಯನ್ನು ಬದಿಗಿಟ್ಟು ನೋಡಿದರೆ ಅಂದಿನ ಮೂಲ ಬೆಲೆ 16,683 ರೂ.; 90ರ ದರದಲ್ಲಿ ಇಂದಿನದು 26,910 ರೂ. ವ್ಯತ್ಯಾಸ 10,227 ರೂ., ಅಂದರೆ ಶೇ. 61. ಈ ವ್ಯತ್ಯಾಸದಲ್ಲಿ ಕಂಪನಿ ಏರಿಸಿದ 50 ಡಾಲರಿನ ಪಾಲು, ಹಳೆಯ ವಿನಿಮಯ ದರದಂತೆ, 3,350 ರೂ. ಉಳಿದ 6,877 ರೂ. ರೂಪಾಯಿ ಕುಸಿದುದರ ಪಾಲು. ಅಂದರೆ ಈ ದರ್ಜೆಯ ಕಾರ್ಡಿನ ಬೆಲೆ ಏರಿಕೆಯಲ್ಲಿ ಮೂರರಲ್ಲಿ ಎರಡು ಭಾಗಕ್ಕೆ ಕಾರಣ ವಿನಿಮಯ ದರ. ಆದರೆ ಕಂಪನಿಯೂ ಪೂರ್ತಿ ನಿರಪರಾಧಿಯಲ್ಲ. 2021ರಲ್ಲಿ ಬಂದ 3060 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇತ್ತು. 2023ರ 4060 ಮತ್ತು 2025ರ 5060 ಕಾರ್ಡುಗಳಲ್ಲಿ ಇರುವುದು 8 ಜಿಬಿ. ಬಿಸ್ಕತ್ ಪೊಟ್ಟಣದ ಬೆಲೆಯನ್ನು ಹಾಗೆಯೇ ಇಟ್ಟು ತೂಕ ಇಳಿಸುವ ಉಪಾಯ ನಮ್ಮ ಕಿರಾಣಿ ವರ್ತಕರಿಗೆ ಹೊಸದಲ್ಲ.

ಇನ್ನು ತೆರಿಗೆ. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ್ದರಿಂದ ಗಣಕಯಂತ್ರದ ಬಿಡಿಭಾಗಗಳಿಗೆ ಮೂಲ ಆಮದು ಸುಂಕವಿಲ್ಲ. ಇರುವುದು ಶೇ. 18ರ ಜಿಎಸ್‌ಟಿ. 26,910 ರೂ.ಗೆ ಅದು 4,844 ರೂ.; ಒಟ್ಟು 31,754 ರೂ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ನರೇಗಾ ಯೋಜನೆಯಡಿ ನಿಗದಿಯಾಗಿದ್ದ ದಿನಗೂಲಿ 370 ರೂ. ಆ ಲೆಕ್ಕದಲ್ಲಿ ಒಂದು ಮಧ್ಯಮ ದರ್ಜೆಯ ಕಾರ್ಡು ಎಂದರೆ 86 ದಿನಗಳ ಕೂಲಿ. ಕಾರ್ಡನ್ನು ಕೂರಿಸಲು ಬೇಕಾದ ಗಣಕಯಂತ್ರ ಇದರಲ್ಲಿ ಸೇರಿಲ್ಲ.

ಮೇಲ್ದರ್ಜೆಯ ಕಾರ್ಡುಗಳ ಕಥೆ ಬೇರೆ. 2016ರಲ್ಲಿ ಜಿಟಿಎಕ್ಸ್ 1080 ಕಾರ್ಡಿನ ಆರಂಭಿಕ ಬೆಲೆ 599 ಡಾಲರ್. 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5080 ಕಾರ್ಡಿಗೆ 999 ಡಾಲರ್. ಭಾರತದಲ್ಲಿ ಅದರ ಘೋಷಿತ ಬೆಲೆ 1,07,000 ರೂ.; ಅದಕ್ಕೂ ಮೇಲಿನ 5090 ಕಾರ್ಡಿಗೆ 2,14,000 ರೂ. ಇಲ್ಲಿ ಕಂಪನಿಯೇ ಮೂಲ ದರವನ್ನು ಎತ್ತಿ ಹಿಡಿದಿದೆ.

ಆಟಗಾರನು ಹಿಂದಿನ ಸಾಲಿಗೆ ಸರಿದ ಬಗೆ

ವರ್ತಕರಿಗೆ ಒಂದು ನಿಯಮ ಗೊತ್ತು: ಯಾವ ಗಿರಾಕಿ ಹೆಚ್ಚು ಕೊಡುತ್ತಾನೋ ಸರಕು ಅವನ ಕಡೆಗೆ ಹೋಗುತ್ತದೆ. 2022ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಎನ್‌ವಿಡಿಯಾದ ಒಟ್ಟು ವರಮಾನ 2,691 ಕೋಟಿ ಡಾಲರ್. ಅದರಲ್ಲಿ ಗೇಮಿಂಗ್ ವಿಭಾಗದ ಪಾಲು 1,246 ಕೋಟಿ, ಅಂದರೆ ಶೇ. 46. ಮೂರು ವರ್ಷಗಳ ನಂತರ, 2025ರ ಜನವರಿಗೆ ಮುಗಿದ ವರ್ಷದಲ್ಲಿ ಒಟ್ಟು ವರಮಾನ 13,050 ಕೋಟಿ ಡಾಲರಿಗೆ ಏರಿತು. ಗೇಮಿಂಗ್ ಪಾಲು 1,135 ಕೋಟಿ, ಶೇ. 9ಕ್ಕಿಂತಲೂ ಕಡಿಮೆ. ಸುಮಾರು ಶೇ. 88ರಷ್ಟು ಬಂದದ್ದು ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ದತ್ತಾಂಶ ಕೇಂದ್ರಗಳಿಂದ. ಹೀಗಾಗಿ ಪ್ರಧಾನ ಗಿರಾಕಿಯಾಗಿದ್ದ ಆಟಗಾರ ಚಿಲ್ಲರೆ ಗಿರಾಕಿಯಾದ.

ಇದಕ್ಕೂ ಮೊದಲು 2021ರಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯವರು ಕಾರ್ಡುಗಳನ್ನು ಸಗಟಾಗಿ ಎತ್ತಿಕೊಂಡದ್ದರಿಂದ ಘೋಷಿತ ಬೆಲೆಗೆ ಅಂಗಡಿಯಲ್ಲಿ ಸರಕು ಸಿಗಲಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಜಾಲವು ತನ್ನ ಪದ್ಧತಿ ಬದಲಿಸಿದ ನಂತರ ಆ ಒತ್ತಡ ಇಳಿಯಿತು. 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ಸರದಿ ಬಂದಿತು. ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಅವುಗಳ ಧಾರಣೆ ತೀವ್ರವಾಗಿ ಏರಿ, ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ಕ್ರೂಷಿಯಲ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಗ್ರಾಫಿಕ್ಸ್ ಕಾರ್ಡಿನೊಳಗೂ ಮೆಮೊರಿ ಇದೆ. ಗಣಕಯಂತ್ರಕ್ಕೂ ಅದು ಬೇಕು. ಹೀಗೆ ಎರಡು ಕಡೆಯಿಂದ ಹೊರೆ ಬೀಳುತ್ತದೆ.

ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇನ್ಸ್ ಕಂಪನಿಯು ಗುಜರಾತಿನ ಸಾನಂದದಲ್ಲಿ 3,307 ಕೋಟಿ ರೂ. ವೆಚ್ಚದ ಚಿಪ್ ಜೋಡಣೆ ಘಟಕ ಸ್ಥಾಪಿಸಲು 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಅನುಮೋದನೆ ಪಡೆದದ್ದು ಹೆಮ್ಮೆಯ ವಿಷಯ. ಎಎಂಡಿ ಕಂಪನಿಯ ದೊಡ್ಡ ವಿನ್ಯಾಸ ಕೇಂದ್ರ ಬೆಂಗಳೂರಿನಲ್ಲಿದೆ. ಆದರೂ ಗ್ರಾಫಿಕ್ಸ್ ಚಿಪ್ಪು ತಯಾರಾಗುವುದು ತೈವಾನಿನಂತಹ ಕಡೆಗಳಲ್ಲಿ. ಬೆಲೆಯನ್ನು ನಿರ್ಧರಿಸುವ ಕೀಲಿಕೈ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಕೊಳ್ಳುವ ರೀತಿ, ಮಾರುವ ರೀತಿ ಮತ್ತು ಬಳಸುವ ರೀತಿ ನಮ್ಮ ಕೈಯಲ್ಲಿವೆ. ಈ ಲೇಖನದ ಉಳಿದ ಭಾಗ ಅವುಗಳನ್ನು ಕುರಿತದ್ದು.

ಮಾಸಿಕ ಕಂತು, ಹಂಗಾಮಿನ ಆದಾಯ

ನಮ್ಮ ಭಾಗದ ಕುಟುಂಬಗಳ ಕೈಗೆ ಹಣ ಬರುವುದು ತಿಂಗಳಿಗೊಮ್ಮೆ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ತಂಬಾಕು ಬೆಳೆಗಾರನಿಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಹರಾಜು ಮಾರುಕಟ್ಟೆಗಳು ತೆರೆದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ನಂತರ ಹಣ ಸಿಗುತ್ತದೆ. ಕೃಷ್ಣರಾಜನಗರದ ಭತ್ತದ ರೈತನಿಗೆ ಕೊಯ್ಲಿನ ನಂತರ. ಆದರೆ ಕಾಲೇಜು ತೆರೆಯುವುದು ಮಳೆಗಾಲದಲ್ಲಿ. ಬಿತ್ತನೆ, ಗೊಬ್ಬರಕ್ಕೆ ಸಾಲ ಮಾಡಿರುವ ಕಾಲದಲ್ಲಿ. ಆಗ ಮಗನ ಗಣಕಯಂತ್ರಕ್ಕೆ ಮಾಸಿಕ ಕಂತಿನ ಮೊರೆ ಹೋಗುತ್ತಾರೆ. ಹಂಗಾಮಿನ ಆದಾಯಕ್ಕೆ ಮಾಸಿಕ ಕಂತು ಹೊಂದುವುದಿಲ್ಲ. ಎರಡು ಕಂತು ತಪ್ಪಿದರೆ ದಂಡ, ಬ್ಯಾಂಕಿನ ಶುಲ್ಕ, ಸಾಲದ ಅರ್ಹತಾಂಕಕ್ಕೆ ಪೆಟ್ಟು. ಮುಂದೆ ಟ್ರಾಕ್ಟರ್ ಸಾಲಕ್ಕೆ ಹೋದಾಗ ಅದರ ಬೆಲೆ ತೆರಬೇಕಾಗುತ್ತದೆ.

ಶೂನ್ಯ ಬಡ್ಡಿ ಎಂಬ ಫಲಕಕ್ಕೂ ಮರುಳಾಗಬಾರದು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಮೇಲಿನ 31,754 ರೂ.ಗಳನ್ನು ಕ್ರೆಡಿಟ್ ಕಾರ್ಡಿನಲ್ಲಿ ಶೇ. 16ರ ಬಡ್ಡಿಗೆ ಹನ್ನೆರಡು ಕಂತು ಮಾಡಿದರೆ ಬಡ್ಡಿ ಸುಮಾರು 2,800 ರೂ. ಆಗುತ್ತದೆ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಜಿಎಸ್‌ಟಿ ವಿನಾಯಿತಿ ಇಲ್ಲದಿರುವುದರಿಂದ ಅದರ ಮೇಲೆ ಸುಮಾರು 500 ರೂ. ತೆರಿಗೆ. ಸಂಸ್ಕರಣಾ ಶುಲ್ಕ ಬೇರೆ.

ಇಲ್ಲಿ ಸ್ಥಳೀಯ ವರ್ತಕನಿಗೆ ಒಂದು ಅವಕಾಶವಿದೆ. ಗೊಬ್ಬರದ ಅಂಗಡಿಯವರು, ಜವಳಿ ವರ್ತಕರು ತಲೆಮಾರುಗಳಿಂದ ಹಂಗಾಮು ನೋಡಿ ಸಾಲ ಕೊಟ್ಟು ವಸೂಲು ಮಾಡಿದ್ದಾರೆ. ಪರಿಚಿತ ಕುಟುಂಬಕ್ಕೆ ಅರ್ಧ ಹಣ ಮುಂಗಡ, ಉಳಿದದ್ದು ಹರಾಜಿನ ನಂತರ ಎರಡು ಕಂತು ಎಂಬ ಕರಾರನ್ನು ಗಣಕ ವರ್ತಕನೂ ಲಿಖಿತವಾಗಿ ಮಾಡಿಕೊಳ್ಳಬಹುದು. ದೂರದ ಆನ್‌ಲೈನ್ ಮಾರಾಟಗಾರ ಇದನ್ನು ಮಾಡಲಾರ. ಎಚ್ಚರಿಕೆ ಎರಡು. ಬಿಲ್ಲು ಹಾಕಿದ ತಿಂಗಳಿನಲ್ಲಿಯೇ ಪೂರ್ತಿ ತೆರಿಗೆ ಹೊಣೆ ಹುಟ್ಟುತ್ತದೆ. ಆದ್ದರಿಂದ ತೆರಿಗೆಯೂ ಸೇರಿದಂತೆ ಬಂಡವಾಳವನ್ನು ವರ್ತಕನೇ ಕೈಯಿಂದ ಹಾಕಬೇಕು. ವಿಳಂಬಕ್ಕೆ ಬಡ್ಡಿ ಪಡೆದರೆ ಅದೂ ಸರಕಿನ ಮೌಲ್ಯಕ್ಕೆ ಸೇರಿ ಅದರ ಮೇಲೂ ಶೇ. 18 ತೆರಿಗೆ ಬರುತ್ತದೆ. ಜಿಎಸ್‌ಟಿ ನೋಂದಾಯಿತ ಸ್ಟುಡಿಯೊ ಮಾಲೀಕರು ಹೀಗೆ ಕೊಂಡರೆ 180 ದಿನಗಳೊಳಗೆ ಹಣ ಪಾವತಿಸಬೇಕು. ಇಲ್ಲವಾದರೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ.

ತಾಲ್ಲೂಕು ವರ್ತಕನ ಇಕ್ಕಟ್ಟು

ಬೆಲೆ ಏರಿದರೆ ವರ್ತಕನಿಗೆ ಲಾಭ ಎಂಬ ನಂಬಿಕೆ ಈ ವ್ಯಾಪಾರದಲ್ಲಿ ತಿರುಗುಮುರುಗು. ವರ್ಷಕ್ಕೆ 75 ಗಣಕಯಂತ್ರ ಜೋಡಿಸಿ ಮಾರುವ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ತಲಾ 50,000 ರೂ.ನಂತೆ ವಹಿವಾಟು 37.5 ಲಕ್ಷ. ಬಿಡಿಭಾಗಗಳ ಧಾರಣೆ ಏರಿ ತಲಾ 62,000 ರೂ. ಆದರೆ ಅದೇ 75 ಯಂತ್ರಗಳಿಗೆ ವಹಿವಾಟು 46.5 ಲಕ್ಷ. ಯಂತ್ರಕ್ಕೆ ಸಿಗುವ ಲಾಭ ಅಷ್ಟೇ ಇರುತ್ತದೆ. ಆದರೆ ಸರಕು ಮಾರುವವರಿಗೆ ಇರುವ 40 ಲಕ್ಷ ರೂ. ನೋಂದಣಿ ಮಿತಿ ದಾಟಿಹೋಗುತ್ತದೆ. ಇನ್ನೂ ಮುಖ್ಯವಾದ ಸಂಗತಿ, ಈ 40 ಲಕ್ಷದ ಮಿತಿ ಕೇವಲ ಸರಕು ಮಾರುವವರಿಗೆ. ದುರಸ್ತಿ ಕೆಲಸವನ್ನೂ ಮಾಡುವ ಅಂಗಡಿ ಸೇವೆಯನ್ನೂ ಒದಗಿಸುವುದರಿಂದ ಅದಕ್ಕೆ 20 ಲಕ್ಷದ ಮಿತಿ ಅನ್ವಯಿಸುತ್ತದೆ. ದುರಸ್ತಿ ಮಾಡದ ಗಣಕದ ಅಂಗಡಿ ನಮ್ಮ ಊರುಗಳಲ್ಲಿ ಎಲ್ಲಿದೆ? 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ ಉಂಟಾದ ಗಾಬರಿಯನ್ನು ಯಾರೂ ಮರೆತಿಲ್ಲ. ಆದ್ದರಿಂದ ಮುಂಚೆಯೇ ನೋಂದಣಿ ಮಾಡಿಸುವುದು ಲೇಸು.

ಒಂದೂವರೆ ಕೋಟಿ ರೂ.ವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿಯಿದೆ; ವರ್ತಕನಿಗೆ ಶೇ. 1 ತೆರಿಗೆ. ದುರಸ್ತಿ ಸೇವೆ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವುಗಳಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಇರಬಹುದು. ಆದರೆ ಈ ಪದ್ಧತಿಯಲ್ಲಿ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ, ಗಿರಾಕಿಗೂ ತೆರಿಗೆ ಬಿಲ್ಲು ಕೊಡಲಾಗದು. ಮನೆ ಬಳಕೆಯ ಗಿರಾಕಿಗಳೇ ಹೆಚ್ಚಿರುವ ಅಂಗಡಿಗೆ ಇದು ಅನುಕೂಲ. ಸ್ಟುಡಿಯೊ, ಕಚೇರಿಗಳಿಗೆ ಮಾರುವವರಿಗೆ ಅಲ್ಲ. ತೆರಿಗೆ ಉಳಿಸುವ ಆಸೆಯಿಂದ ಬಿಲ್ಲಿಲ್ಲದ ಕಾರ್ಡು ತಂದು ಮಾರುವುದು ಮಾತ್ರ ಯಾರಿಗೂ ಹಿತವಲ್ಲ. ಮೂರು ವರ್ಷಗಳ ಖಾತರಿಯಿರುವ ಸರಕು ಮೂರನೆಯ ತಿಂಗಳಲ್ಲಿ ಕೆಟ್ಟರೆ ಬಿಲ್ಲಿಲ್ಲದವನ ಮೊರೆ ಕೇಳುವವರಿಲ್ಲ. ಗಿರಾಕಿ ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುತ್ತಾನೆ.

ಬಳಸಿದ ಕಾರ್ಡಿನ ಪ್ರಾಮಾಣಿಕ ವ್ಯಾಪಾರ

ಹೊಸ ಕಾರ್ಡು ಕೈಗೆಟುಕದಿದ್ದಾಗ ಜನ ಬಳಸಿದ್ದನ್ನು ಹುಡುಕುತ್ತಾರೆ. ಬಳಸಿದ ಟ್ರಾಕ್ಟರ್, ಬೈಕುಗಳ ವ್ಯಾಪಾರದಲ್ಲಿ ನಮ್ಮವರು ನಿಪುಣರು. ಕಾರ್ಡಿನ ವ್ಯಾಪಾರವನ್ನು ಮಾತ್ರ ಅಪರಿಚಿತರಿಗೆ ಬಿಟ್ಟುಕೊಟ್ಟಿದ್ದೇವೆ. ಕಾನೂನು ಇದಕ್ಕೆ ಪೂರಕವಾಗಿದೆ. ಜಿಎಸ್‌ಟಿ ನಿಯಮಾವಳಿಯ 32(5)ನೇ ನಿಯಮದಂತೆ ಬಳಸಿದ ಸರಕಿನ ನೋಂದಾಯಿತ ವರ್ತಕನು ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. 12,000 ರೂ.ಗೆ ಕೊಂಡು 14,500 ರೂ.ಗೆ ಮಾರಿದ ಕಾರ್ಡಿಗೆ ತೆರಿಗೆ 2,500 ರೂ. ಮೇಲೆ, ಅಂದರೆ 450 ರೂ. ಪೂರ್ತಿ ಬೆಲೆಯ ಮೇಲಾಗಿದ್ದರೆ 2,610 ರೂ. ಆಗುತ್ತಿತ್ತು. ಈ ನಿಯಮದ ಪ್ರಯೋಜನವನ್ನು ಹಳೆಯ ಕಾರು ಮಾರುವವರು ಪಡೆಯುತ್ತಿದ್ದಾರೆ. ಗಣಕ ವರ್ತಕರಲ್ಲಿ ಅನೇಕರಿಗೆ ಇದರ ಅರಿವಿಲ್ಲ.

ಪ್ರಾಮಾಣಿಕತೆಗೆ ಕ್ರಮ ಬೇಕು. ಮಾರುವವನಿಂದ ಗುರುತಿನ ಚೀಟಿಯ ಪ್ರತಿ ಮತ್ತು ಮೂಲ ಬಿಲ್ಲನ್ನು ಪಡೆಯಬೇಕು. ಕಾರ್ಡಿನ ಕ್ರಮಸಂಖ್ಯೆಯಿಂದ ಖಾತರಿ ಉಳಿದಿದೆಯೇ ಎಂದು ತಯಾರಕರಲ್ಲಿ ಪರಿಶೀಲಿಸಬೇಕು. ಅರ್ಧ ಗಂಟೆ ಪೂರ್ಣ ಭಾರದಲ್ಲಿ ನಡೆಸಿ ಉಷ್ಣಾಂಶ ಮತ್ತು ಫ್ಯಾನಿನ ಸದ್ದನ್ನು ಗಿರಾಕಿಯ ಎದುರೇ ತೋರಿಸಬೇಕು. ನಾಣ್ಯ ಗಣಿಗಾರಿಕೆಗೆ ಹಗಲಿರುಳು ದುಡಿದ ಕಾರ್ಡಾಗಿದ್ದರೆ ಅದನ್ನು ಮುಚ್ಚಿಡಬಾರದು. ಮೂರು ತಿಂಗಳ ಅಂಗಡಿ ಖಾತರಿಯನ್ನು ಬಿಲ್ಲಿನ ಮೇಲೆ ಬರೆದುಕೊಟ್ಟರೆ ಗಿರಾಕಿ ಸಾವಿರ ರೂಪಾಯಿ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನೂ ಗಿರಾಕಿಗೆ ಹೇಳುವುದು ವರ್ತಕನ ಧರ್ಮ. ಸ್ಪರ್ಧೆಗಳಲ್ಲಿ ಆಡುವ ವ್ಯಾಲೊರೆಂಟ್‌ನಂತಹ ಆಟಕ್ಕೆ ದುಬಾರಿ ಕಾರ್ಡು ಬೇಕಾಗಿಯೇ ಇಲ್ಲ; ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕಾಗುತ್ತದೆ. ರೈಜೆನ್ 5600ಜಿ ಮಾದರಿಯ ಪ್ರೊಸೆಸರುಗಳು ಬಂದಿರುವುದೇ ಇದಕ್ಕಾಗಿ. ಮೊದಲ ವರ್ಷ ಅದರಲ್ಲಿ ಕಲಿಯಲಿ, ಅಗತ್ಯ ಕಂಡಾಗ ಕಾರ್ಡು ಸೇರಿಸಲಿ. ಹೀಗೆ ಹೇಳಿದ ವರ್ತಕ ಇಂದು ಒಂದು ಮಾರಾಟ ಕಳೆದುಕೊಂಡರೂ ನಾಳೆ ಗಿರಾಕಿಯನ್ನು ಉಳಿಸಿಕೊಳ್ಳುತ್ತಾನೆ.

ಗಂಟೆಯ ಲೆಕ್ಕ

ನಾನು ಒತ್ತಿ ಹೇಳಬಯಸುವುದು ಇದನ್ನು: ಈ ಸರಕನ್ನು ಕೊಳ್ಳುವ ಬೆಲೆಯಿಂದ ಅಳೆಯುವ ಬದಲು ಬಳಸುವ ಗಂಟೆಯ ವೆಚ್ಚದಿಂದ ಅಳೆಯಬೇಕು. ಒಳ್ಳೆಯ ಕಾರ್ಡುಳ್ಳ ಗಣಕಯಂತ್ರಕ್ಕೆ, ಬ್ಯಾಟರಿ ಬೆಂಬಲವೂ ಸೇರಿ, 80,000 ರೂ. ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷ ಬಾಳಿ ಕೊನೆಗೆ 16,000 ರೂ. ಬಂದರೆ ವರ್ಷದ ಸವಕಳಿ 16,000 ರೂ. ಮನೆಯಲ್ಲಿ ದಿನಕ್ಕೆ ಎರಡು ಗಂಟೆಯಂತೆ 300 ದಿನ ಬಳಸಿದರೆ ಗಂಟೆಗೆ ಸುಮಾರು 27 ರೂ. ಅದೇ ಯಂತ್ರವನ್ನು ಹಂಚಿಕೊಂಡು ದಿನಕ್ಕೆ ಎಂಟು ಗಂಟೆ ಬಳಸಿದರೆ ಗಂಟೆಗೆ 7 ರೂ.ಗಿಂತ ಕಡಿಮೆ.

ಈ ತತ್ವ ಹೊಸದಲ್ಲ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡ ಜನರಿದ್ದ ದಕ್ಷಿಣ ಕೊರಿಯಾದಲ್ಲಿ ಪಿಸಿ ಬ್ಯಾಂಗ್ ಎಂಬ ಬಾಡಿಗೆ ಗಣಕ ಕೇಂದ್ರಗಳು ಬೀದಿಬೀದಿಗೂ ತಲೆಯೆತ್ತಿದವು. ಇಂದು ಆ ದೇಶ ಇ-ಕ್ರೀಡೆಯಲ್ಲಿ ಮುಂಚೂಣಿಯಲ್ಲಿರುವುದಕ್ಕೆ ಅವೇ ಅಡಿಪಾಯ. ನಮ್ಮ ಕೇಂದ್ರ ಸರ್ಕಾರವೂ 2024ರಲ್ಲಿ ಅನುಮೋದಿಸಿದ ಕೃತಕ ಬುದ್ಧಿಮತ್ತೆ ಮಿಷನ್‌ನಲ್ಲಿ 38 ಸಾವಿರ ಗ್ರಾಫಿಕ್ಸ್ ಸಂಸ್ಕಾರಕಗಳನ್ನು ಒಗ್ಗೂಡಿಸಿ ಗಂಟೆಗೆ ಸುಮಾರು 65 ರೂ.ನಂತೆ ನವೋದ್ಯಮಗಳಿಗೆ ಒದಗಿಸುವ ವ್ಯವಸ್ಥೆ ಮಾಡಿದೆ. ದೆಹಲಿಯಲ್ಲಿ ಒಪ್ಪಿದ ತತ್ವವನ್ನು ಹೆಗ್ಗಡದೇವನಕೋಟೆಯಲ್ಲಿ ಏಕೆ ಒಪ್ಪಬಾರದು?

ನಮ್ಮಲ್ಲಿ ಸೈಬರ್ ಕೇಂದ್ರಗಳಿದ್ದವು. 2016ರಲ್ಲಿ ಜಿಯೊ ಬಂದು ಅಂತರಜಾಲ ಜೇಬಿಗಿಳಿದ ಮೇಲೆ ಹೆಚ್ಚಿನವು ಮುಚ್ಚಿದವು. ಮೊಬೈಲಿನಲ್ಲಿ ಆಗದ ಕೆಲಸಕ್ಕಾಗಿ ಅವು ಮರಳಿ ಬರಬಹುದು. ಎಂಟು ಯಂತ್ರಗಳ ಕೇಂದ್ರವೊಂದರ ಅಂದಾಜು ಹೀಗಿದೆ. ಬಂಡವಾಳ 6.4 ಲಕ್ಷ ರೂ. ವಾರ್ಷಿಕ ಸವಕಳಿ 1,28,000 ರೂ. ಬಾಡಿಗೆ, ಒಬ್ಬ ನೌಕರನ ಸಂಬಳ, ಅಂತರಜಾಲ, ಇತರೆ ಸೇರಿ ತಿಂಗಳಿಗೆ 28,000ದಂತೆ 3,36,000 ರೂ. ಶೇ. 11ರಂತೆ ಬಡ್ಡಿ 70,400 ರೂ. ಒಟ್ಟು ಸ್ಥಿರ ವೆಚ್ಚ 5,34,400 ರೂ. ವಿದ್ಯುತ್ತಿಗೆ ಗಂಟೆಗೆ 4 ರೂ.

ಸಂಜೆ ಐದು ಗಂಟೆಗಳ ಕಾಲ ಎಂಟೂ ಯಂತ್ರ ತುಂಬಿ, ಗಂಟೆಗೆ 40 ರೂ. ಪಡೆದರೂ ವರ್ಷಕ್ಕೆ 12,000 ಗಂಟೆ. ವಿದ್ಯುತ್ ಕಳೆದು ಉಳಿಯುವುದು 4,32,000 ರೂ. ಅಂದರೆ ಒಂದು ಲಕ್ಷಕ್ಕೂ ಮಿಕ್ಕಿ ನಷ್ಟ. ಆಟವೊಂದನ್ನೇ ನಂಬಿ ತೆರೆದ ಕೇಂದ್ರ ನಿಲ್ಲುವುದಿಲ್ಲ ಎಂಬುದನ್ನು ಈ ಲೆಕ್ಕ ಸ್ಪಷ್ಟವಾಗಿ ಹೇಳುತ್ತದೆ. ಹಗಲಿನಲ್ಲಿ ದಿನಕ್ಕೆ ಎರಡೇ ಗಂಟೆ ಅದೇ ಯಂತ್ರಗಳನ್ನು ವಿಡಿಯೊ ಸಂಕಲನ ತರಬೇತಿಗೆ, ಸ್ಟುಡಿಯೊಗಳ ಕೆಲಸಕ್ಕೆ, ನಕ್ಷೆ ವಿನ್ಯಾಸಕ್ಕೆ ಗಂಟೆಗೆ 60 ರೂ.ನಂತೆ ಕೊಟ್ಟರೆ ಇನ್ನೂ 2,68,800 ರೂ. ಸೇರಿ ವರ್ಷಕ್ಕೆ 1,66,400 ರೂ. ಉಳಿಯುತ್ತದೆ. ಇದು ತುಂಬಿದ ಕೇಂದ್ರದ ಲೆಕ್ಕ. ಮೊದಲ ವರ್ಷ ಇಷ್ಟು ನಿರೀಕ್ಷಿಸಬಾರದು. ಕುಟುಂಬದವರೇ ನಡೆಸಿದರೆ ಸಂಬಳದ ಭಾಗ ಉಳಿಯುತ್ತದೆ. ಒಟ್ಟು ವಹಿವಾಟು 7.68 ಲಕ್ಷ ರೂ. ಆಗುವುದರಿಂದ ಸೇವೆಗಳಿಗಿರುವ 20 ಲಕ್ಷದ ಮಿತಿಯೊಳಗೇ ಇರುತ್ತದೆ. ಬಂಡವಾಳಕ್ಕೆ ಮುದ್ರಾ ಯೋಜನೆಯ ತರುಣ್ ವರ್ಗದಲ್ಲಿ, ಅಂದರೆ 5ರಿಂದ 10 ಲಕ್ಷ ರೂ.ವರೆಗೆ, ಜಾಮೀನಿಲ್ಲದ ಸಾಲಕ್ಕೆ ಅರ್ಜಿ ಹಾಕಬಹುದು. ಆದಾಯ ತೆರಿಗೆಯಲ್ಲಿ ಗಣಕಯಂತ್ರಕ್ಕೆ ಶೇ. 40ರ ಸವಕಳಿ ದರವಿದೆ.

ಶಿಸ್ತು ಇಲ್ಲದ ಕೇಂದ್ರ ಮಾತ್ರ ಊರಿಗೆ ಹೊರೆ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, 2011ರ ಸೈಬರ್ ಕೆಫೆ ನಿಯಮಗಳಂತೆ ಗುರುತಿನ ದಾಖಲೆ ಮತ್ತು ಒಂದು ವರ್ಷದ ಬಳಕೆ ದಾಖಲೆ, ಆಟಗಳ ವಾಣಿಜ್ಯ ಪರವಾನಗಿ ಇವು ಕಡ್ಡಾಯ. ಶಾಲಾ ಅವಧಿಯಲ್ಲಿ ಮಕ್ಕಳಿಗೆ ಪ್ರವೇಶ ಬೇಡ. ಹಣದ ಪಣದ ಆಟಕ್ಕೆ ಎಂದೆಂದಿಗೂ ಅವಕಾಶ ಬೇಡ. ಪೋಷಕರು ಯಾವ ಹೊತ್ತಿನಲ್ಲಿಯಾದರೂ ಒಳಗೆ ಬಂದು ನೋಡುವಂತಿರಲಿ.

ವಾಣಿಜ್ಯ ಸಂಸ್ಥೆಯು ಮಾಡಬೇಕಾದುದು

ತೆರಿಗೆ ಇಳಿಸಿರಿ ಎಂದು ಮನವಿ ಸಲ್ಲಿಸುವುದು ನಮ್ಮೆಲ್ಲರ ರೂಢಿ. 2018ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ 32 ಅಂಗುಲದವರೆಗಿನ ಮಾನಿಟರ್ ಮತ್ತು ವಿಡಿಯೊ ಗೇಮ್ ಉಪಕರಣಗಳನ್ನು ಶೇ. 28ರಿಂದ 18ಕ್ಕೆ ತಂದಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಮಾನಿಟರುಗಳೂ ಶೇ. 18ಕ್ಕೆ ಬಂದವು. ಗಣಕಯಂತ್ರದ ಬಿಡಿಭಾಗಗಳು ಶೇ. 18ರಲ್ಲಿಯೇ ಉಳಿದವು. ಶೇ. 5ಕ್ಕೆ ಇಳಿಸಿದರೆ ನಮ್ಮ ಉದಾಹರಣೆಯ ಕಾರ್ಡಿನಲ್ಲಿ ಮನೆ ಗ್ರಾಹಕನಿಗೆ 3,498 ರೂ. ಉಳಿಯುತ್ತದೆ. ನೋಂದಾಯಿತ ಉದ್ದಿಮೆದಾರನಿಗೆ ಜಮೆ ಸಿಗುವುದರಿಂದ ವ್ಯತ್ಯಾಸವಿಲ್ಲ. ಮನವಿ ಹೋಗಲಿ, ಆದರೆ ಡಾಲರ್ ಹತ್ತು ರೂಪಾಯಿ ಏರಿದರೆ ಈ ಉಳಿತಾಯದ ಬಹುಪಾಲು ಕರಗಿಹೋಗುತ್ತದೆ ಎಂಬುದನ್ನು ಮರೆಯದಿರೋಣ. ಅದಕ್ಕಿಂತ ಮೊದಲು ನಾವೇ ಮಾಡಬಹುದಾದ ಕೆಲಸಗಳು ಇವು:

1. ನಾಲ್ಕೂ ತಾಲ್ಲೂಕುಗಳ ಗಣಕ ವರ್ತಕರು ಒಟ್ಟಾಗಿ ಖರೀದಿಸಿದರೆ ವಿತರಕರಿಂದ ಸಗಟು ದರ ಕೇಳಬಹುದು. ಒಬ್ಬೊಬ್ಬರೇ ಹೋದರೆ ಉಳಿದ ಸರಕು ಮಾತ್ರ ಸಿಗುತ್ತದೆ. ಇಂತಹ ಖರೀದಿ ಕೂಟವೊಂದನ್ನು ರಚಿಸಬೇಕು.

2. ಬಳಸಿದ ಕಾರ್ಡುಗಳ ಪರೀಕ್ಷೆ, ಬಿಲ್ಲು ಮತ್ತು ಖಾತರಿಗೆ ಒಂದೇ ಮಾದರಿಯ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. 32(5)ನೇ ನಿಯಮವನ್ನು ಕುರಿತು ಪ್ರತಿ ತಾಲ್ಲೂಕಿನಲ್ಲಿ ಒಂದು ಮಾಹಿತಿ ಸಭೆ ನಡೆಸಬೇಕು.

3. ಹಂಗಾಮಿನ ಕಂತಿಗೆ ಹೊಂದುವ ಸಾಲದ ಯೋಜನೆಯನ್ನು ರೂಪಿಸುವಂತೆ ಸ್ಥಳೀಯ ಸಹಕಾರಿ ಸಂಘಗಳು ಮತ್ತು ಬ್ಯಾಂಕುಗಳೊಡನೆ ಮಾತುಕತೆ ನಡೆಸಬೇಕು.

4. ಹಗಲು ತರಬೇತಿ, ಸಂಜೆ ಆಟ ಎಂಬ ಮಾದರಿಯ ಒಂದು ಕೇಂದ್ರವನ್ನು ಹುಣಸೂರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಒಂದು ವರ್ಷದ ಜಮಾ ಖರ್ಚನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಬೆಂಗಳೂರಿನಾಚೆಗೆ ಡಿಜಿಟಲ್ ಉದ್ಯಮ ಬೆಳೆಸಲು ಇರುವ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್‌ನ ಮೈಸೂರು ವಿಭಾಗದ ಸಹಕಾರವನ್ನು ಇದಕ್ಕೆ ಕೋರಬಹುದು.

ಡಾಲರಿನ ದರವನ್ನಾಗಲಿ, ತೈವಾನಿನ ಕಾರ್ಖಾನೆಯ ಸರದಿಯನ್ನಾಗಲಿ ನಮ್ಮ ಠರಾವುಗಳು ಬದಲಿಸಲಾರವು. ಆದರೆ ಒಬ್ಬನಿಗೆ ಕೊಳ್ಳಲಾಗದ್ದನ್ನು ಹತ್ತು ಜನ ಸೇರಿ ಬಳಸುವ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ಅಪರಿಚಿತವಲ್ಲ. ಭತ್ತದ ಕೊಯ್ಲು ಯಂತ್ರವನ್ನು ಪ್ರತಿ ರೈತನೂ ಕೊಂಡಿಲ್ಲ. ಗಂಟೆಯ ಬಾಡಿಗೆಗೆ ತಂದು ಕೊಯ್ಲು ಮುಗಿಸುತ್ತಾನೆ. ಗ್ರಾಫಿಕ್ಸ್ ಕಾರ್ಡಿಗೂ ಆ ವಿವೇಕವನ್ನು ಅನ್ವಯಿಸಿದರೆ ಬೆಲೆ ಏರಿಕೆಯ ಈ ಕಾಲದಲ್ಲಿಯೂ ನಮ್ಮ ಮಕ್ಕಳ ಕಲಿಕೆ ನಿಲ್ಲದು, ನಮ್ಮ ವರ್ತಕರ ಅಂಗಡಿಯ ಬಾಗಿಲೂ ಮುಚ್ಚದು. ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೊಂದು ಸ್ಥಾನ ದೊರೆಯಲಿ ಎಂಬುದು ನನ್ನ ಕೋರಿಕೆ.